ಕುಂಕುಮ ಹಚ್ಚಿದ ಡಿಸ್ಕು

ಡಿಸ್ಕಿಗೆ ತಂತಿ ಸಿಕ್ಕಿಸುವ ಬಾಯಿಯ ಸುತ್ತ ಕುಂಕುಮ ಮೆತ್ತಿಕೊಂಡಿತ್ತು.

ಸಬ್ ಇನ್‌ಸ್ಪೆಕ್ಟರ್ ಮಾಲಿನಿ ಉಗುರಿನಿಂದ ಕೆರೆದು ನೋಡಿದಳು. ಕುಂಕುಮವೇ, ಅನುಮಾನವಿಲ್ಲ. ಡಬ್ಬಿಯ ಬೆನ್ನಿನ ಮೇಲೆ ಮೂರು ಬೆರಳಿನ ವಿಭೂತಿ ಬೇರೆ. ಅಂಗೈಯಗಲದ ಆ ಕಪ್ಪು ಡಬ್ಬಿಯನ್ನು ಯಾರೋ ದೇವರ ಮುಂದಿಟ್ಟು ಕೈಮುಗಿದಿದ್ದರು.

"ಅದನ್ನ ಎಷ್ಟು ತಿರುಗಿಸಿ ನೋಡಿದ್ರೂ ಅಷ್ಟೇ ಕಣೇ," ಎಂದ ರಾಹುಲ್, ಕಂಪ್ಯೂಟರಿನಿಂದ ಮುಖ ಎತ್ತದೆ. "ಇದು ಬ್ಯಾಕಪ್ ಡಿಸ್ಕು, ಒಳಗೆ ಪೂರ್ತಿ ಒರೆಸಿ ಹಾಕಿದ್ದಾರೆ. ಸರ್ವರ್‌ನಲ್ಲೂ ಇಲ್ಲ, ಬ್ಯಾಕಪ್‌ನಲ್ಲೂ ಇಲ್ಲ. ಶಿಲ್ಪಾ ಅನ್ನೋಳು ಈ ಸೆಂಟರ್ ಮೆಟ್ಟಿಲೇ ಹತ್ತಿಲ್ಲ ಅನ್ನೋ ಹಾಗಿದೆ."

ಶಿಲ್ಪಾ ಹತ್ತಿದ್ದಳು. ಆಷಾಢದಲ್ಲಿ, ಬಲಗೈ ಊದಿಸಿಕೊಂಡು, ಬೇಲೂರಿನ ಈ ಹೊಂಬೆಳಕು ಸ್ಕ್ಯಾನಿಂಗ್ ಸೆಂಟರಿಗೇ ಬಂದಿದ್ದಳು. ಭಾದ್ರಪದದಲ್ಲಿ, ಗೌರಿಹಬ್ಬ ಮುಗಿದ ಮೂರನೆಯ ದಿನ, ಜಾವಗಲ್ಲಿನ ಗಂಡನ ಮನೆಯಲ್ಲಿ ಮಹಡಿ ಮೆಟ್ಟಿಲಿನಿಂದ ಉರುಳಿ ಸತ್ತಳು. ಗಂಡ ಮಹಾಂತೇಶ ಹಾಸನದ ಜೈಲಿನಲ್ಲಿದ್ದಾನೆ. ನಾಳೆ ಬೆಳಿಗ್ಗೆ ಅವನ ಜಾಮೀನು ಅರ್ಜಿ ವಿಚಾರಣೆಗೆ ಬರುತ್ತದೆ.

ಅವನು ಹೆಂಡತಿಯನ್ನು ಹೊಡೆಯುತ್ತಿದ್ದ ಎನ್ನುವುದಕ್ಕೆ ಇದ್ದದ್ದು ಆ ಕೈಯ ಎಕ್ಸ್‌ರೇ ಒಂದೇ. ಮರಣೋತ್ತರ ಪರೀಕ್ಷೆಯಲ್ಲಿ ತಲೆಯ ಪೆಟ್ಟನ್ನು ನೋಡಿದರು, ಆಗಲೇ ಕೂಡಿಕೊಂಡಿದ್ದ ಕೈಯನ್ನು ನೋಡಲಿಲ್ಲ. ಸಮಾಧಿ ಅಗೆಸಿ ನೋಡಬೇಕೆಂದರೆ ಅನುಮತಿ ಸಿಗುವಷ್ಟರಲ್ಲಿ ಮಹಾಂತೇಶ ಹೊರಗೆ ಬಂದು ಸಾಕ್ಷಿಗಳನ್ನೆಲ್ಲ ಮಾತಾಡಿಸಿ ಮುಗಿಸಿರುತ್ತಾನೆ.

ಮಾಲಿನಿಗೆ ತನ್ನ ಮೇಲೇ ಸಿಟ್ಟಿತ್ತು. ಕಾಯಿದೆ ಪ್ರಕಾರ ಸೆಂಟರಿಗೆ ಮೊದಲು ನೋಟಿಸು ಕಳಿಸಿದ್ದು ಅವಳೇ. ನೋಟಿಸು ತಲುಪಿದ್ದು ನಿನ್ನೆ ಮಧ್ಯಾಹ್ನ, ಎಕ್ಸ್‌ರೇ ಮಾಯವಾದದ್ದು ನಿನ್ನೆ ಸಂಜೆ. ಕಳ್ಳನ ಮನೆಗೆ ಹೋಗಿ, ನಾಳೆ ಬರ್ತೀವಿ, ಎಲ್ಲ ಬಚ್ಚಿಟ್ಟುಕೋ ಎಂದು ಹೇಳಿ ಬಂದಂತಾಯಿತು.

ಹೊರಗಿನ ಬೆಂಚಿನಲ್ಲಿ ಶಿಲ್ಪಾಳ ತಾಯಿ ಕಾಂತಮ್ಮ ಕೂತಿದ್ದಳು. ಅರಸೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದವಳು ನೀರೂ ಕುಡಿದಿರಲಿಲ್ಲ. ಎಕ್ಸ್‌ರೇ ತೆಗೆಸಿದ ಸುದ್ದಿ ಪೊಲೀಸರಿಗೆ ಗೊತ್ತಾದದ್ದೇ ಅವಳಿಂದ. "ಫೋನ್ ಮಾಡಿದ್ಲು ಕಣ್ರಮ್ಮ. ಅವ್ವ, ಕೈಗೆ ಪೆಟ್ಟಾಗೈತೆ, ಬೇಲೂರಿಗೆ ಕರ್ಕೊಂಡೋಗಿ ಫೋಟೋ ತೆಗೆಸಿದ್ರು ಅಂದ್ಲು. ಹೆಂಗಾಯ್ತು ಅಂದ್ರೆ ಫೋನ್ ಮಡಗ್ಬುಟ್ಲು."

ಆ 'ಬೇಲೂರಿಗೆ' ಎನ್ನುವ ಮಾತೇ ಮಾಲಿನಿಯ ಕಿವಿ ನೆಟ್ಟಗಾಗಿಸಿತ್ತು. ಶಿಲ್ಪಾಳ ಗಂಡನದ್ದು ಮೂರು ತಲೆಮಾರಿನಿಂದ ಕೊಬ್ಬರಿ ವ್ಯಾಪಾರ ಮಾಡಿದ ಮನೆ. ವಾರಕ್ಕೆರಡು ಸಲ ಅರಸೀಕೆರೆ ಮಂಡಿಗೆ ಹೋಗಿಬರುವ ಜನ. ಅಲ್ಲಿ ಬೇಕಾದಷ್ಟು ಎಕ್ಸ್‌ರೇ ಅಂಗಡಿಗಳಿರುವಾಗ ಹಳೇಬೀಡು ದಾಟಿ ಬೇಲೂರಿಗೆ ಯಾಕೆ ಬರಬೇಕು? ಅರಸೀಕೆರೆಯಲ್ಲಿ ಹೆಜ್ಜೆಗೊಬ್ಬರು ನಮಸ್ಕಾರ ಹೇಳುವವರಿದ್ದಾರೆ. ಸೊಸೆಯ ಕೈಗೆ ಏನಾಯಿತೆಂದು ಕೇಳುತ್ತಾರೆ.

ಮಾಲಿನಿ ಡಿಸ್ಕನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಸಾವಿತ್ರಮ್ಮ, ಇಲ್ಲಿ ಬನ್ನಿ. ಇದಕ್ಕೆ ಪೂಜೆ ಮಾಡಿದ್ದು ಯಾರು?"

ಸಾವಿತ್ರಮ್ಮ ಸೆಂಟರಿನ ಕಸ ಗುಡಿಸಿ, ರೋಗಿಗಳನ್ನು ಸರದಿಯಲ್ಲಿ ಕೂರಿಸುವ ಹೆಂಗಸು. ಪೊಲೀಸರು ಹೆಸರು ಹಿಡಿದು ಕರೆದದ್ದಕ್ಕೇ ಅವಳ ಮುಖ ಬಾಡಿತು.

"ನಾನೇ ಕಣ್ರವ್ವ. ಆಯುಧಪೂಜೆ ದಿನ. ಕತ್ರಿ, ಸ್ಪ್ಯಾನರ್ರು, ಸಾಹೇಬ್ರ ಕಾರಿನ್ ಕೀ ಎಲ್ಲಾ ದೇವ್ರ ಮುಂದೆ ಮಡಗಿದ್ದೆ. ದೊಡ್ಡ ಮಿಷನ್‌ಗೆ ನಿಂತಲ್ಲೇ ಹೂ ಹಾಕಿದ್ದಾಯ್ತು. ಇದೊಂದನ್ನ ಯಾಕೆ ಬುಡಾದು ಅಂತ ಕಿತ್ಕೊಂಡ್ ಬಂದು ಒರಸಿ ಮಡಗ್ದೆ. ತೆಪ್ಪಾಯ್ತಾ?"

"ಎಷ್ಟೊತ್ತಿಗೆ?"

"ಬೆಳ್ಗೆ ಬೆಳ್ಗೆನೇ. ಸಾಹೇಬ್ರು ಬರೋದ್ರೊಳಗೆ ಎಲ್ಲಾ ಅಣಿ ಮಾಡ್ಬೇಕಿತ್ತಲ್ಲ."

"ಕಿತ್ತಾಗ ಇದರ ದೀಪ ಉರೀತಿತ್ತಾ?"

"ಉರಿಯಾದೇನು, ಮಿಣಕ್ ಮಿಣಕ್ ಅಂತ ಒಂದೇ ಸಮ ಬಡ್ಕೊಳ್ತಿತ್ತು. ಕಿತ್ತ ಮ್ಯಾಲೆ ಸುಮ್ಕಾಯ್ತು."

ರಾಹುಲನ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಬೇಲೂರು ಬಸ್‌ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವನು ಹಾಸನದ ಕಾಲೇಜಿನಲ್ಲಿ ಮಾಲಿನಿಯ ಸಹಪಾಠಿ. ಈ ಸೆಂಟರಿನ ಕಂಪ್ಯೂಟರುಗಳ ಉಸ್ತುವಾರಿಯೂ ಅವನದ್ದೇ. ಹಾಗಾಗಿ ಬೆಳಗಿನಿಂದ ಅವನು ಅರ್ಧ ಗೆಳೆಯ, ಅರ್ಧ ಅನುಮಾನಿತನಂತೆ ಒದ್ದಾಡುತ್ತಿದ್ದ.

"ಬ್ಯಾಕಪ್ ಬೆಳಗಿನ ಜಾವ ಶುರುವಾಗುತ್ತೆ," ಎಂದ ನಿಧಾನವಾಗಿ. "ದೀಪ ಮಿಣುಕ್ತಾ ಇತ್ತು ಅಂದ್ರೆ ನಕಲು ಇನ್ನೂ ನಡೀತಿತ್ತು. ನಡುವೆ ಕಿತ್ತಿದ್ದಾರೆ."

"ಅದಕ್ಕೇನೀಗ? ಹಾಳಾಗಿರೋದು ಹಾಳಾಗಿದೆ."

"ಹಾಳಾಗಿಲ್ಲ ಕಣೇ!" ರಾಹುಲ್ ಕುರ್ಚಿಯನ್ನು ಪರದೆಗೆ ಹತ್ತಿರ ಎಳೆದುಕೊಂಡ. "ಇಲ್ಲಿ ಕೇಳು. ಓಡ್ತಾ ಇರೋ ಸರ್ವರ್‌ನ ಹಾಗೇ ನಕಲು ಮಾಡಿದ್ರೆ ಅರ್ಧ ಹಳೇದು, ಅರ್ಧ ಹೊಸದು ಸೇರಿ ಗೊಜ್ಜಾಗುತ್ತೆ. ಅದಕ್ಕೆ ಬ್ಯಾಕಪ್‌ಗೆ ಮುಂಚೆ ಮಷಿನ್ ಒಂದು ಸ್ನ್ಯಾಪ್‌ಶಾಟ್ ಹಿಡ್ಕೊಳ್ಳುತ್ತೆ. ಆ ಕ್ಷಣದಲ್ಲಿ ಏನೇನು ಹೇಗಿತ್ತೋ ಹಾಗೇ ಕಟ್ಟಿಹಾಕುತ್ತೆ."

"ಇನ್ನೊಂದು ನಕಲು ಮಾಡುತ್ತೆ ಅನ್ನು."

"ಉಹುಂ. ಅಷ್ಟು ಜಾಗ ಎಲ್ಲಿದೆ? ನಿಮ್ಮಮ್ಮ ಬಾಗಿಲಲ್ಲಿ ರಂಗೋಲಿ ಹಾಕಿದ್ದಾರೆ ಅನ್ಕೋ. ಅದರಲ್ಲಿ ಒಂದು ಗೆರೆ ಅಳಿಸೋ ಮುಂಚೆ, ಆ ಗೆರೆ ಒಂದನ್ನೇ ಹಾಳೆ ಮೇಲೆ ಬರೆದಿಟ್ಕೊಳ್ತಾರೆ. ಅಳಿಸದೇ ಇರೋ ಗೆರೆ ನೆಲದ ಮೇಲೇ ಇರುತ್ತೆ, ಅಳಿಸಿದ ಗೆರೆ ಹಾಳೇಲಿ ಇರುತ್ತೆ. ಎರಡನ್ನೂ ಸೇರಿಸಿದ್ರೆ ಮೊದಲಿನ ರಂಗೋಲಿ ಸಿಗುತ್ತೆ. ಇದೂ ಅಷ್ಟೇ. ಬ್ಯಾಕಪ್ ಮುಗಿದ ತಕ್ಷಣ ಆ ಹಾಳೆ ಹರಿದುಹಾಕುತ್ತೆ. ಅದು ತಾತ್ಕಾಲಿಕ, ಯಾರ ಕಣ್ಣಿಗೂ ಬೀಳೋದಿಲ್ಲ."

ಮಾಲಿನಿ ಪರದೆಯ ಹತ್ತಿರಕ್ಕೆ ಬಾಗಿದಳು. "ಆವತ್ತು ಬ್ಯಾಕಪ್ ಮುಗೀಲೇ ಇಲ್ಲ."

"ಮುಗೀಲಿಲ್ಲ. ಹಾಳೆ ಹರಿದುಹಾಕು ಅಂತ ಯಾರೂ ಹೇಳ್ಲೂ ಇಲ್ಲ. ಹಳೇದು ಬಿದ್ದಿದೆ ಅಂತ ಆಮೇಲಿನ ಬ್ಯಾಕಪ್ಪೂ ಓಡಿಲ್ಲ." ಅವನು ನಾಲಗೆ ಕಚ್ಚಿಕೊಂಡ. "ಫೇಲ್ ಆಯ್ತು ಅಂತ ದಿನಾ ನಂಗೆ ಮೆಸೇಜ್ ಬಂದಿರ್ಬೇಕು. ಹಬ್ಬದ ಗಲಾಟೇಲಿ ನೋಡ್ಲೇ ಇಲ್ಲ."

"ನಿನ್ನನ್ನ ಆಮೇಲೆ ವಿಚಾರಿಸ್ಕೊಳ್ತೀನಿ. ಮೊದಲು ಅದು ಇದೆಯಾ ನೋಡು."

ಅವನು ಏನೋ ಟೈಪ್ ಮಾಡಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿತು.

"ಇದೆ," ಎಂದ. "ಆಯುಧಪೂಜೆ ಬೆಳಗಿನದ್ದು. ಆದ್ರೆ ಹಾಳೆ ತುಂಬ್ತಾ ಬಂದಿದೆ ಮಾಲಿನಿ. ನೂರಕ್ಕೆ ಎಂಬತ್ತೆಂಟು."

"ತುಂಬಿದ್ರೆ?"

"ಒಂದು ಗೆರೆಯೂ ಉಳಿಯಲ್ಲ. ಮಷಿನ್ನೇ ಸ್ನ್ಯಾಪ್‌ಶಾಟ್‌ನ ಕೆಲಸಕ್ಕೆ ಬಾರದ್ದು ಅಂತ ಎತ್ತಿ ಎಸೆಯುತ್ತೆ. ಜಾಗ ಹಿಗ್ಗಿಸೋಣ ಅಂದ್ರೆ ಇದರಲ್ಲಿ ಒಂದಿಂಚೂ ಖಾಲಿ ಇಲ್ಲ. ಇಲ್ಲಿ ಹೊಸ ಸ್ಕ್ಯಾನ್ ಒಂದೊಂದು ಬಂದು ಕೂತಾಗಲೂ ಹಳೇದು ಆ ಹಾಳೆಗೆ ಇಳೀತಾ ಹೋಗುತ್ತೆ. ಇಷ್ಟು ದಿನ ಉಳಿದಿರೋದೇ ಹಬ್ಬದ ರಜೆ ಇತ್ತಲ್ಲ ಅಂತ."

"ಓಹೋ, ಇಷ್ಟೆಲ್ಲ ಇದೆಯಾ ಇದರಲ್ಲಿ?" ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಸೆಂಟರಿನ ಮಾಲೀಕ ಕುಮಾರಸ್ವಾಮಿ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಎಂದೂ ಏರದ ಮೆತ್ತಗಿನ ಮಾತು. ಯಾವಾಗ ಬಂದು ನಿಂತಿದ್ದನೋ ಇಬ್ಬರಿಗೂ ತಿಳಿದಿರಲಿಲ್ಲ. "ಸಿಕ್ಕಿದ್ರೆ ಒಳ್ಳೇದೇ ಆಯ್ತು ಬಿಡಿ ಮೇಡಂ. ಕಾಫಿ ಕಳಿಸ್ತೀನಿ," ಎಂದು ಹೊರಟುಹೋದ.

ತಕ್ಷಣ ತೆರೆದು ನೋಡಬೇಕೆಂದು ಮಾಲಿನಿಯ ಕೈ ತುರಿಸುತ್ತಿತ್ತು. ಆದರೆ ನೋಡಿ ಸಾಕ್ಷಿ ಹೇಳುವ ಪಂಚರಿಲ್ಲದೆ ಮುಟ್ಟಿದರೆ ನಾಳೆ ಕೋರ್ಟಿನಲ್ಲಿ, ಪೊಲೀಸರೇ ಸೃಷ್ಟಿಸಿದ ಚಿತ್ರ ಎಂದು ಎದುರು ವಕೀಲರು ಅವಳನ್ನು ಹುರಿದು ಮುಕ್ಕುತ್ತಾರೆ. ತಾನೊಮ್ಮೆ ಕಾಯಿದೆ ಪಾಲಿಸಿ ಕೆಟ್ಟೆ, ಈಗ ಪಾಲಿಸದೆ ಕೆಡುವುದು ಬೇಡ ಎಂದುಕೊಂಡಳು. ಎದುರಿನ ಹೋಟೆಲಿನವರನ್ನೂ ಪಕ್ಕದ ಔಷಧಿ ಅಂಗಡಿಯವರನ್ನೂ ಪಂಚರಾಗಿ ಕರೆತರಲು, ರಾಹುಲನ ಅಂಗಡಿಯಿಂದ ಹೊಸ ಡಿಸ್ಕು ತರಲು ತನ್ನ ಪೇದೆಯನ್ನು ಓಡಿಸಿದಳು.

ಕಾಫಿ ಬರಲಿಲ್ಲ. ಬದಲಿಗೆ ರಾಹುಲ್ ಕೂಗಿಕೊಂಡ.

"ಏಯ್, ಇದೇನಿದು! ತೊಂಬತ್ತೆರಡು!"

"ಈಗ ತಾನೆ ಎಂಬತ್ತೆಂಟು ಅಂದೆ?"

"ಓಡ್ತಾ ಇದೆ ಕಣೇ! ತೊಂಬತ್ಮೂರು! ಯಾವನೋ ದೊಡ್ಡ ದೊಡ್ಡ ಸ್ಕ್ಯಾನ್ ತುಂಬಿಸ್ತಾ ಇದ್ದಾನೆ!"

ಗೋಡೆಯ ಆಚೆಯಿಂದ ಗುಯ್ ಎನ್ನುವ ಸದ್ದು ಬರುತ್ತಿತ್ತು. ಅದು ಬೆಳಗಿನಿಂದ ಒಮ್ಮೆಯೂ ಕೇಳದ ಸದ್ದು. ಸಿ.ಟಿ. ಯಂತ್ರದ್ದು.

ಮಾಲಿನಿ ಓಡಿದಳು.

ಗಾಜಿನ ಆಚೆ, ಯಂತ್ರದ ಬಾಯೊಳಗೆ ತಲೆಯಿಟ್ಟು ಒಬ್ಬ ಮಲಗಿದ್ದ. ಕಾಲಲ್ಲಿ ಕೆಸರು ಹತ್ತಿದ ಬೂಟು ಹಾಗೇ ಇತ್ತು. ಆ ಬೂಟುಗಳನ್ನು ಅವಳು ಬೆಳಿಗ್ಗೆ ನೋಡಿದ್ದಳು. ಕುಮಾರಸ್ವಾಮಿಯ ಡ್ರೈವರು! ಅವಳು ಬಂದಾಗ ಗೇಟಿನ ಬಳಿ ಹಾಡು ಗುನುಗುತ್ತ ಕಾರು ತೊಳೆಯುತ್ತಿದ್ದವನು.

"ಇವನಿಗೇನಾಗಿದೆ?" ಎಂದಳು.

"ತಲೆನೋವಂತೆ," ಎಂದ ಕುಮಾರಸ್ವಾಮಿ, ಕಣ್ಣು ಮಿಟುಕಿಸದೆ.

"ಎಷ್ಟು ಸಲ ತೆಗೆದ್ರಿ?"

"ಸರಿಯಾಗಿ ಬರಲಿಲ್ಲ ಅಂತ ಎರಡು ಮೂರು ಸಲ..."

"ಸುಮ್ಮನೆ ನಿಂತಿದ್ದವನ ತಲೆಗೆ ಮೂರು ಸಲ ಕಿರಣ ಬಿಡ್ತೀರಲ್ಲ, ನೀವು ಮನುಷ್ಯರೇನ್ರೀ? ನಿಲ್ಲಿಸಿ!"

ಯಂತ್ರ ನಡೆಸುತ್ತಿದ್ದ ಹುಡುಗಿ ಗುಂಡಿ ಒತ್ತಿ ಕೈ ಹಿಂದಕ್ಕೆಳೆದುಕೊಂಡಳು. ಸದ್ದು ಇಳಿಯಿತು. ಡ್ರೈವರು ಎದ್ದು ಯಾರ ಮುಖವನ್ನೂ ನೋಡದೆ ಹೊರಗೆ ಜಾರಿಕೊಂಡ.

ಕುಮಾರಸ್ವಾಮಿ ಮಾತ್ರ ಕದಲಲಿಲ್ಲ. ಕಾರಿಡಾರಿನ ಕೊನೆಗೆ ಕೈ ತೋರಿಸಿದ. ಅಲ್ಲಿ ಸ್ಟ್ರೆಚರಿನ ಮೇಲೆ ಹಗರೆ ಊರಿನ ಒಬ್ಬ ಮುದುಕಿ ನರಳುತ್ತಿದ್ದಳು. ಹಟ್ಟಿಯಲ್ಲಿ ಹಸು ಒದ್ದು ಸೊಂಟ ಮುರಿದಿತ್ತು. ಅವಳ ಮಗ ತಲೆಯ ಬಳಿ ನಿಂತು ಗಾಳಿ ಹಾಕುತ್ತಿದ್ದ.

"ಡ್ರೈವರ್‌ದು ಬೇಡ, ಒಪ್ಪಿದೆ. ಇವರದ್ದು? ಸೊಂಟದ ಸ್ಕ್ಯಾನ್ ಈಗಲೇ ಆಗ್ಬೇಕು ಅಂತ ಡಾಕ್ಟರ್ ಬರೆದಿದ್ದಾರೆ. ಬೇಡ ಅಂತ ನೀವೇ ಹೇಳಿ ಮೇಡಂ. ಅವರ ಮಗನ ಎದುರಿಗೇ ಹೇಳಿ."

ಮಗ ತಲೆಯೆತ್ತಿ ಮಾಲಿನಿಯನ್ನು ನೋಡಿದ. ಕಣ್ಣು ಕೆಂಪಾಗಿತ್ತು. "ಯಾಕ್ ಮೇಡಂ? ನಮ್ಮವ್ವಂಗೆ ಯಾಕ್ ಮಾಡ್ಬಾರ್ದು?"

ಮಾಲಿನಿ ಸ್ಟ್ರೆಚರಿನ ಕಡೆ ನೋಡಿದಳು. ಸತ್ತವಳಿಗಾಗಿ ಬದುಕಿರುವವಳನ್ನು ನರಳಿಸಲು ಸಾಧ್ಯವೇ? ಕುಮಾರಸ್ವಾಮಿ ತುಟಿಯಂಚಿನಲ್ಲಿ ನಕ್ಕ.

"ರಾಹುಲ್!" ಎಂದು ಕೂಗಿದಳು. "ಇಲ್ಲಿ ಸ್ಕ್ಯಾನ್ ಮಾಡಿದ್ದು ಅಲ್ಲಿಗೆ ಬರದ ಹಾಗೆ ಮಾಡೋಕಾಗುತ್ತಾ?"

"ತಂತಿ ಕಿತ್ತುಹಾಕು! ಸಿ.ಟಿ. ಹಿಂದೆ ನೀಲಿದು!" ಎಂದು ಒಳಗಿನಿಂದ ಉತ್ತರ ಬಂತು. "ಚಿತ್ರ ಆ ಮಷಿನ್ನಲ್ಲೇ ಕೂತಿರುತ್ತೆ, ಆಮೇಲೆ ಕಳಿಸ್ಬಹುದು! ಬೇಗ, ತೊಂಬತ್ತೇಳು!"

ಅವಳು ಮಂಡಿಯೂರಿ, ಯಂತ್ರದ ಬೆನ್ನಿಗೆ ಕೈ ಹಾಕಿ, ನೀಲಿ ತಂತಿಯನ್ನು ಹಿಡಿದು ಎಳೆದಳು. ಅದು ಕಿತ್ತುಬಂತು.

"ಅಜ್ಜೀನ ಒಳಗೆ ಕರ್ಕೊಂಡ್ಹೋಗಿ," ಎಂದಳು ಆ ಹುಡುಗಿಗೆ. "ಏನೇನು ಬೇಕೋ ಎಲ್ಲ ತೆಗೀರಿ. ನಿಧಾನವಾಗಿ, ನೋವಾಗದ ಹಾಗೆ."

ಸ್ಟ್ರೆಚರು ಒಳಗೆ ಹೋಯಿತು. ಕಾರಿಡಾರಿನಲ್ಲಿ ಅವರಿಬ್ಬರೇ ಉಳಿದರು.

"ಈಗ ಹೇಳಿ," ಎಂದಳು ಮಾಲಿನಿ. "ಶಿಲ್ಪಾ ಎಕ್ಸ್‌ರೇ ಯಾಕೆ ಅಳಿಸಿದ್ರಿ?"

"ನಾನ್ಯಾಕೆ ಅಳಿಸ್ಲಿ? ಜಾಗ ತುಂಬಿದ್ರೆ ಹಳೇವು ತಾವಾಗೇ ಹೋಗ್ತವೆ."

"ಹೋದ ವರ್ಷ ಬೈಕಿಂದ ಬಿದ್ದವನ ಮೊಣಕಾಲು ಇನ್ನೂ ಇದೆ. ಅದರ ಹಿಂದಿನ ವರ್ಷದ ಹಲ್ಲುನೋವೂ ಇದೆ. ಆಷಾಢದ ಕೈ ಒಂದೇ ಹೇಗ್ರೀ ಹೋಗುತ್ತೆ?"

ಅವನು ಅಂಗಿಯ ತೋಳು ನೀವಿಕೊಂಡ.

"ನಿಮ್ಮ ಡ್ರೈವರ್‌ನ ಈಗಲೇ ಕೂರಿಸಿ ಕೇಳ್ತೀನಿ. ಯಾರು ಮಲಗು ಅಂದ್ರು, ಯಾಕೆ ಅಂದ್ರು ಅಂತ. ನೀವು ಅಳಿಸಿದ್ದು ಒಂದು ಕೇಸು. ನನ್ನ ಕಣ್ಣೆದುರಿಗೇ ಇನ್ನೊಂದು ಸಲ ಅಳಿಸೋಕೆ ಹೊರಟಿದ್ದು ಇನ್ನೊಂದು. ಸತ್ತಿರೋದು ಇಪ್ಪತ್ತಾರು ವರ್ಷದ ಹುಡುಗಿ. ಅವಳ ತಾಯಿ ನಿಮ್ಮ ಬೆಂಚಿನ ಮೇಲೇ ಕೂತಿದ್ದಾಳೆ, ಹೋಗಿ ಮುಖ ನೋಡ್ಕೊಂಡು ಬನ್ನಿ."

ಬಿಳಿ ಅಂಗಿಯ ಕಂಕುಳು ಒದ್ದೆಯಾಗಿದ್ದು ಈಗ ಕಾಣುತ್ತಿತ್ತು. ಅವನು ಗೋಡೆಗೆ ಒರಗಿದ.

"ಫೋನ್ ಬಂತು ಮೇಡಂ. ನಿಮ್ಮ ನೋಟಿಸ್ ಬಂದಿದೆ ಅಂತ ನಾನೇ ಅವರಿಗೆ ತಿಳಿಸಿದ್ದೆ. ಬೇಕಾದವರು, ಒಂದೇ ಮಠಕ್ಕೆ ನಡ್ಕೊಳ್ಳೋರು. 'ನಮ್ಮ ಮನೆಯವರದ್ದು ಏನೇನಿದೆಯೋ ಎಲ್ಲ ತೆಗೆದುಬಿಡು' ಅಂದ್ರು. ಇಲ್ಲ ಅನ್ನೋಕಾಗಲಿಲ್ಲ."

"ಯಾರು?"

"ಇಂದ್ರೇಶಣ್ಣ."

ಮಾಲಿನಿಗೆ ಆಶ್ಚರ್ಯವಾಗಲಿಲ್ಲ. ಇಂದ್ರೇಶ ಮಹಾಂತೇಶನ ಅಣ್ಣ. ತಂದೆತಾಯಿ ಹೋದ ಮೇಲೆ ಮನೆ, ಮಂಡಿ ಎಲ್ಲ ಅವನದ್ದೇ ಯಜಮಾನಿಕೆ. ಶಿಲ್ಪಾ ಸತ್ತ ದಿನ ಠಾಣೆಗೆ ಬಂದು ಕೈಕಟ್ಟಿ ನಿಂತು, ತನ್ನ ಹೆಂಡತಿ ಅರುಣಾಳಿಂದ ಹೇಳಿಕೆ ಕೊಡಿಸಿದವನು ಅವನೇ. "ಜಾರಿ ಬಿದ್ಲು, ನಾನೇ ನೋಡಿದೆ," ಎಂದಿದ್ದಳು ಅರುಣಾ, ತಲೆ ತಗ್ಗಿಸಿಕೊಂಡು. ಮಹಾಂತೇಶನೋ ಹಿಡಿದ ದಿನದಿಂದ ತುಟಿ ಬಿಚ್ಚಿಲ್ಲ. ತಮ್ಮನನ್ನು ಉಳಿಸಿಕೊಳ್ಳಲು ಅ‌ಣ್ಣ ಇಷ್ಟೂ ಮಾಡದಿರುತ್ತಾನೆಯೇ, ಎಂದುಕೊಂಡಳು.

ಅಷ್ಟರಲ್ಲಿ ಪೇದೆ ಪಂಚರನ್ನು ಕರೆತಂದ. ಹೊಸ ಡಿಸ್ಕೂ ಬಂತು. ಕುಮಾರಸ್ವಾಮಿಯ ಫೋನು ತೆಗೆದಿಟ್ಟುಕೊಂಡು ಅವನನ್ನೂ ಒಂದು ಕುರ್ಚಿಯಲ್ಲಿ ಕೂರಿಸಿದರು.

"ತೊಂಬತ್ತೇಳಕ್ಕೇ ನಿಂತಿದೆ," ಎಂದ ರಾಹುಲ್. ಹಣೆಯ ಬೆವರು ಒರೆಸಿಕೊಂಡು, ಪಂಚರಿಗೆ ಕಾಣುವಂತೆ ಪರದೆ ತಿರುಗಿಸಿದ. "ನೋಡ್ಕೊಳ್ಳಿ ಸಾರ್. ಇದನ್ನ ಓದೋಕೆ ಮಾತ್ರ ತೆರೀತಿದ್ದೀನಿ. ಇದರೊಳಗೆ ನಾನು ಏನೂ ಬರೆಯೋಕಾಗಲ್ಲ."

ಆಯುಧಪೂಜೆಯ ಬೆಳಗು ತೆರೆದುಕೊಂಡಿತು. ಸಾವಿರಾರು ಚಿತ್ರಗಳು, ಎಲ್ಲ ಅಂದು ಇದ್ದ ಹಾಗೇ. ಹುಡುಕಿದಾಗ ಶಿಲ್ಪಾಳ ಹೆಸರು ಸಿಕ್ಕಿತು. ಮೊದಲು ಹೊಸ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಚಿತ್ರ ತೆರೆದ.

ಕಪ್ಪು ಹಿನ್ನೆಲೆಯಲ್ಲಿ ಒಂದು ಬಲಗೈ. ಮುಂಗೈಯ ಎರಡು ಎಲುಬುಗಳಲ್ಲಿ ಕಿರುಬೆರಳ ಬದಿಯದ್ದು ನಟ್ಟನಡುವೆ ಮುರಿದಿತ್ತು. ಬಿದ್ದವರ ಎಲುಬು ಸಾಮಾನ್ಯವಾಗಿ ಮಣಿಕಟ್ಟಿನ ಬಳಿ ಮುರಿಯುತ್ತದೆ, ಹೊಡೆಯಲು ಬಂದಾಗ ತಲೆಗೆ ಅಡ್ಡ ಹಿಡಿದ ಕೈ ನಡುವೆ ಮುರಿಯುತ್ತದೆ ಎಂದು ಹಾಸನದ ವೈದ್ಯರೊಬ್ಬರು ಮಾಲಿನಿಗೆ ವಿವರಿಸಿದ್ದರು. ಇದು ಅಡ್ಡ ಹಿಡಿದ ಕೈ.

ಕಾಂತಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ತಡೆಯಲು ಯಾರಿಗೂ ಮನಸ್ಸಾಗಲಿಲ್ಲ.

"ಇದು ನನ್ ಮಗೀದಾ?" ಎಂದಳು.

"ಹೌದಮ್ಮ."

ಅವಳು ಪರದೆಯ ಹತ್ತಿರ ಹೋದಳು. ಬೆರಳು ಚಾಚಿದಳು, ಮುಟ್ಟಲಿಲ್ಲ. "ಅನ್ನ ಹೆಂಗ್ ಉಂಡಿದ್ದಾಳು ಈ ಕೈಲಿ? ತಲೆ ಹೆಂಗ್ ಬಾಚ್ಕೊಂಡಿದ್ದಾಳು? ನಾನು ಹೋಗಿ ಒಂದ್ಸಲ ನೋಡ್ಲಿಲ್ವಲ್ಲಮ್ಮ..." ಅಳುವಿನಲ್ಲಿ ಮಾತು ಮುಳುಗಿತು. ಮಾಲಿನಿ ಅವಳ ಭುಜ ಹಿಡಿದುಕೊಂಡಳು.

ಆದರೆ ಆ ಸಂಕಟದ ಕೆಳಗೇ ಅವಳಿಗೆ ಒಂದು ಸಮಾಧಾನವೂ ಇತ್ತು. ನಾಳೆ ಮಹಾಂತೇಶನಿಗೆ ಜಾಮೀನು ಸಿಗುವುದಿಲ್ಲ. ಸರ್ಕಾರಿ ವಕೀಲರಿಗೆ ಫೋನು ಮಾಡಲೆಂದು ಅವಳು ಮೊಬೈಲು ತೆಗೆದಳು.

"ಮಾಲಿನಿ, ಇನ್ನೊಂದಿದೆ," ಎಂದ ರಾಹುಲ್.

"ಇನ್ನೊಂದೇನು?"

"ಆವತ್ತು ಇದ್ದು ಇವತ್ತು ಇಲ್ಲದೇ ಇರೋದು ಯಾವ್ಯಾವುದು ಅಂತ ಹೋಲಿಸಿ ನೋಡಿದೆ. ಒಂದಲ್ಲ, ಎರಡು ಅಳಿಸಿದ್ದಾರೆ. ಎರಡನೇದು ಬೇರೆ ಹೆಸರು. ಅರುಣಾ."

'ನಮ್ಮ ಮನೆಯವರದ್ದು ಏನೇನಿದೆಯೋ ಎಲ್ಲ.' ಮಾಲಿನಿ ಕುಮಾರಸ್ವಾಮಿಯ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ತೆರಿ," ಎಂದಳು.

ಮತ್ತೆ ಒಂದು ಬಲಗೈ. ಮತ್ತೆ ಕಿರುಬೆರಳ ಬದಿಯ ಎಲುಬು. ಮತ್ತೆ ನಟ್ಟನಡುವೆ. ರಾಹುಲ್ ಎರಡನ್ನೂ ಅಕ್ಕಪಕ್ಕ ಇಟ್ಟ. ಬಳೆಯ ಗುರುತೊಂದು ಇಲ್ಲದಿದ್ದರೆ ಯಾವುದು ಯಾರದ್ದೆಂದು ಹೇಳುವುದೇ ಕಷ್ಟವಿತ್ತು.

"ಪಾಪಿ, ಅತ್ತಿಗೇನೂ ಬಿಟ್ಟಿಲ್ಲ ಮಹಾಂತೇಶ," ಎಂದ ಪೇದೆ.

ಮಾಲಿನಿಯ ಕಣ್ಣು ಚಿತ್ರದ ಮೂಲೆಯ ತಾರೀಖಿನ ಮೇಲಿತ್ತು. ಇನ್ನೊಮ್ಮೆ ಓದಿದಳು. ರಾಹುಲನಿಂದಲೂ ಓದಿಸಿದಳು.

"ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ," ಎಂದ ಅವನು. "ಯಾಕೆ?"

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಮಹಾಂತೇಶ ಜೈಲು ಸೇರಿ ಎರಡು ವಾರ ಕಳೆದಿತ್ತು. ಅವಳೇ ಹಿಡಿದದ್ದು, ಅವಳೇ ಕೈಗೆ ಬೇಡಿ ಹಾಕಿ ಹಾಸನಕ್ಕೆ ಕರೆದೊಯ್ದದ್ದು.

ಮಹಾಂತೇಶ ಜೈಲಿನಲ್ಲಿದ್ದಾಗ ಮುರಿದ ಕೈ ಇದು. ಅದೇ ಏಟು, ಅದೇ ಜಾಗ. ಹೊಡೆಯುವವನು ಇನ್ನೂ ಆ ಮನೆಯಲ್ಲೇ ಇದ್ದಾನೆ.

ಅಣ್ಣ ಅಳಿಸಿಹಾಕಿದ್ದು ತಮ್ಮನ ತಪ್ಪನ್ನಲ್ಲ.

ಇಷ್ಟು ದಿನ ಒಬ್ಬ ನಿರಪರಾಧಿಯನ್ನು ಒಳಗಿಟ್ಟು, ಅಪರಾಧಿಗೆ ಕುರ್ಚಿ ಹಾಕಿ ಕೂರಿಸಿ ಚಹಾ ಕೊಟ್ಟು ಕಳಿಸಿದ್ದೆನೇ? ಹೇಳಿಕೆ ಕೊಟ್ಟ ದಿನದ ನಂತರ ಅರುಣಾಳನ್ನು ಅವಳು ಕಣ್ಣಿಂದ ನೋಡಿಯೇ ಇರಲಿಲ್ಲ. ಕರೆದಾಗಲೆಲ್ಲ ಇಂದ್ರೇಶ, ಹುಷಾರಿಲ್ಲ ಮೇಡಂ ಎನ್ನುತ್ತಿದ್ದ. ಅವಳು ಅದನ್ನು ನಂಬಿದ್ದಳು.

ಸರ್ಕಾರಿ ವಕೀಲರ ಫೋನು ತಾನಾಗಿಯೇ ಬಂತು. ಎಕ್ಸ್‌ರೇ ಸಿಕ್ಕಿತೇ ಎಂದು ಕೇಳಲಿಕ್ಕೆ. ಮಾಲಿನಿ ಅದನ್ನು ಕತ್ತರಿಸಿದಳು.

"ಜಾವಗಲ್ ಠಾಣೆಗೆ ಫೋನ್ ಮಾಡು," ಎಂದಳು ಪೇದೆಗೆ. "ಇರೋರೆಲ್ಲ ಇಂದ್ರೇಶನ ಮನೆಗೆ ಹೋಗ್ಲಿ. ಈಗಲೇ, ಓಡ್ಕೊಂಡು. ನಾವು ಹಳೇಬೀಡು ದಾಟಿ ಅಲ್ಲಿಗೆ ಸೇರೋವಷ್ಟರಲ್ಲಿ ಏನು ಬೇಕಾದ್ರೂ ಆಗ್ಬಹುದು."

ಠಾಣೆಯ ನಂಬರು ಬ್ಯುಸಿ ಬರುತ್ತಿತ್ತು. ಪೇದೆ ಮತ್ತೆ ಒತ್ತಿದ. ಕಾಯುವ ವ್ಯವಧಾನ ಮಾಲಿನಿಗಿರಲಿಲ್ಲ. ಹೇಳಿಕೆಯ ದಿನ ಬರೆದುಕೊಂಡಿದ್ದ ಅರುಣಾಳ ನಂಬರಿಗೆ ತಾನೇ ಕರೆ ಮಾಡಿದಳು. ಆ ಕಡೆ ಸುಮಾರು ಹೊತ್ತು ಹೊಡೆದುಕೊಂಡು, ಕೊನೆಗೂ ಯಾರೋ ಎತ್ತಿದರು.

"ಹಲೋ," ಎಂದಿತು ಸಣ್ಣ ದನಿ. ಅರುಣಾಳದ್ದೇ.

ಮಾಲಿನಿಯ ಬಾಯಿಂದ ಮಾತು ಒಂದರ ಮೇಲೊಂದು ನುಗ್ಗಿಬಂತು.

"ಅರುಣಾ, ನಾನು ಸಬ್ ಇನ್‌ಸ್ಪೆಕ್ಟರ್ ಮಾಲಿನಿ. ನಿಮ್ಮ ಎಕ್ಸ್‌ರೇ ಸಿಕ್ಕಿದೆ. ನಿಮ್ಮ ಕೈ ಮುರಿದಿದ್ದು ಇಂದ್ರೇಶ್ ಅಂತ ಗೊತ್ತಾಗಿದೆ. ಶಿಲ್ಪಾನ್ನ ಹೊಡೆದಿದ್ದೂ ಅವರೇ ಅಲ್ವಾ? ನೀವು ಆವತ್ತು ಹೆದರಿ ಸುಳ್ಳು ಹೇಳಿದ್ರಿ, ನಂಗೆ ಅರ್ಥವಾಗುತ್ತೆ. ಈಗ ಏನೂ ಹೇಳ್ಬೇಡಿ. ಹಿಂದಿನ ಬಾಗಿಲಿಂದ ಪಕ್ಕದ ಮನೆಗೆ ಹೋಗಿಬಿಡಿ. ನಮ್ಮೋರು ಬರೋವರೆಗೂ ಅಲ್ಲೇ ಇರಿ. ಕೇಳಿಸ್ತಾ?"

ಆ ಕಡೆ ಮಿಕ್ಸಿಯೋ ಏನೋ ತಿರುಗುತ್ತಿದ್ದ ಸದ್ದು ನಿಂತಿತು.

"ಅರುಣಾ? ಕೇಳಿಸ್ತಾ ಇದೆಯಾ?"

"ಕೇಳಿಸ್ತು ಮೇಡಂ," ಎಂದಳು ಅರುಣಾ. ಆ ದನಿಯಲ್ಲಿ ಜೀವವೇ ಇರಲಿಲ್ಲ. "ಕೈಗೆ ಪಟ್ಟಿ ಹಾಕವ್ರಲ್ಲ, ಅದ್ಕೆ ಫೋನ್ ಸ್ಪೀಕರ್‌ಗೆ ಹಾಕಿ ನಮ್ಮನೆಯವ್ರೇ ಹಿಡ್ಕೊಂಡವ್ರೆ."